ಪಾಟೀಸವಾಲಿಗೆ ಸಿದ್ಧರಾಗಿ ಹೋಗಿ

ದೂರು ಕೊಡುವಾಗ ಜೊತೆಗಿದ್ದ ನೆಂಟರಿಷ್ಟರು ಸಮನ್ಸ್ ಬರುವ ಹೊತ್ತಿಗೆ ಕಾಣೆಯಾಗಿರುತ್ತಾರೆ. ಅತ್ಯಾಚಾರದ ಸಂತ್ರಸ್ತೆ ಏನೊಂದೂ ತಿಳಿಯದೆ ಕಟಕಟೆ ಹತ್ತುವುದನ್ನು ಕಂಡು ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

1. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. 'ನಮ್ಮ ವ್ಯಾಪ್ತಿಯಲ್ಲ' ಎಂದು ದೂರು ದಾಖಲಿಸದಿರುವುದೇ ಅಪರಾಧ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

2. ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಉಚಿತ ಚಿಕಿತ್ಸೆ ಕೊಡಲೇಬೇಕು. ತಪಾಸಣೆಗೆ ನಿಮ್ಮ ಒಪ್ಪಿಗೆ ಬೇಕು. 'ಎರಡು ಬೆರಳಿನ ಪರೀಕ್ಷೆ' ಸಲ್ಲದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಅಂದು ಉಟ್ಟ ಬಟ್ಟೆಯನ್ನು ಒಗೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಂತೂ ಕಟ್ಟಿಡಲೇಬೇಡಿ, ತೇವಕ್ಕೆ ಪುರಾವೆ ಕೆಡುತ್ತದೆ. ಕಾಗದದ ಚೀಲವೇ ಸರಿ.

3. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ. ಇದು ತಡವಾಗಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಆದೇಶಿಸಿತ್ತು. ಅದು ನಮ್ಮ ನೊಣವಿನಕೆರೆ ಠಾಣೆಯ ಪ್ರಕರಣ. ನಾಚಿಕೆಯಿಂದ ಇಲ್ಲಿ ನುಂಗಿಕೊಂಡ ಮಾತು ಮುಂದೆ ಮುಳ್ಳಾಗುತ್ತದೆ.

4. ಆರೋಪಪಟ್ಟಿ. ತನಿಖೆಗೆ ಎರಡು ತಿಂಗಳು, ಆರೋಪಪಟ್ಟಿ ಸಲ್ಲಿಸಿದ ಮೇಲೆ ವಿಚಾರಣೆಗೆ ಎರಡು ತಿಂಗಳು ಎನ್ನುತ್ತದೆ ಕಾನೂನು. ಆ ಲೆಕ್ಕ ನಂಬಿ ಕೂರಬೇಡಿ, ವಾಯಿದೆ ಬೀಳುತ್ತಲೇ ಇರುತ್ತದೆ. ಸರ್ಕಾರಿ ಅಭಿಯೋಜಕರು ಸರ್ಕಾರದ ವಕೀಲರೇ ಹೊರತು ನಿಮ್ಮವರಲ್ಲ. ಆದ್ದರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ನಿಮ್ಮದೇ ವಕೀಲರನ್ನು ಪಡೆಯಿರಿ (ಸಹಾಯವಾಣಿ 15100). ಮಹಿಳೆಯರಿಗೆ ಆದಾಯದ ಮಿತಿಯಿಲ್ಲ.

5. ಸಾಕ್ಷ್ಯ. ಕಷ್ಟವಿರುವುದು ಇಲ್ಲೇ. ವಿಚಾರಣೆ ಮುಚ್ಚಿದ ಬಾಗಿಲ ಒಳಗೆ ನಡೆಯುತ್ತದೆ, ಆದರೆ ಆರೋಪಿ ಒಳಗೇ ಇರುತ್ತಾನೆ. ಅವನ ಮುಖ ಕಾಣದಂತೆ ಪರದೆ ಬೇಕಿದ್ದರೆ ಅಭಿಯೋಜಕರ ಮೂಲಕ ಮೊದಲೇ ಅರ್ಜಿ ಹಾಕಿಸಿ. ಹಿಂದಿನ ದಿನ ಅವರನ್ನು ಕಂಡು ನಿಮ್ಮ ಹೇಳಿಕೆಯನ್ನು ಓದಿಕೊಳ್ಳಿ. ಬಾಯಿಪಾಠ ಬೇಡ, ಗಿಳಿಪಾಠವೆಂದು ಎದುರು ವಕೀಲರು ಹಂಗಿಸುತ್ತಾರೆ.

ಪಾಟೀಸವಾಲಿನ ಪ್ರಶ್ನೆ ಹೀಗಿರುತ್ತದೆ: 'ಆತನ ಬೈಕಿನಲ್ಲಿ ಹೋಗಿ, ಜೊತೆಗೆ ಊಟ ಮಾಡಿ, ಇಷ್ಟಪಟ್ಟೇ ಕೋಣೆಗೆ ಹೋದಿರಿ ಎಂದರೆ ಸರಿಯೇ?' ಮೊದಲೆರಡು ನಿಜವೆಂದು ನೀವು 'ಸರಿ' ಎಂದರೆ ಮೂರನೆಯದೂ ದಾಖಲೆಗೆ ಹೋಗಬಹುದು. 'ಒಂದೊಂದಾಗಿ ಕೇಳಿ' ಎಂದು ನ್ಯಾಯಾಧೀಶರತ್ತ ನೋಡಿ ಹೇಳಿ. ನೆನಪಿಲ್ಲದ್ದಕ್ಕೆ 'ನೆನಪಿಲ್ಲ' ಎನ್ನಿ, ಗಂಟೆ ನಿಮಿಷ ಊಹಿಸಬೇಡಿ. ಅಳು ಬಂದರೆ ನೀರು ಕೇಳಿ, ವಿರಾಮ ಕೇಳಿ. ನಡತೆಯ ಬಗ್ಗೆ, ಹಿಂದಿನ ಸಂಬಂಧಗಳ ಬಗ್ಗೆ ಕೆದಕಿದರೆ ಸುಮ್ಮನಿದ್ದು ಅಭಿಯೋಜಕರ ಆಕ್ಷೇಪಣೆಗೆ ಕಾಯಿರಿ. ಸಮ್ಮತಿಯನ್ನು ಸಾಬೀತುಪಡಿಸಲು ಅಂಥ ಪ್ರಶ್ನೆಗಳಿಗೆ ಅವಕಾಶವಿಲ್ಲ. ಕೊನೆಗೆ ಬೆರಳಚ್ಚಾದ ಸಾಕ್ಷ್ಯವನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿ. 'ಇಲ್ಲ' ಎಂದಿದ್ದು 'ಹೌದು' ಆಗಿದ್ದರೆ ಅಲ್ಲೇ ತಿದ್ದಿಸಿ.

ಅಂದಹಾಗೆ, ಮೊಗಸಾಲೆಯಲ್ಲಿ ಛಾಪಾ ಕಾಗದ ಹಿಡಿದು ರಾಜಿಗೆ ಬರುವ ಹಿರಿಯರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಅತ್ಯಾಚಾರ ರಾಜಿಯಾಗುವ ಅಪರಾಧವಲ್ಲ.

6. ತೀರ್ಪು. ಖುಲಾಸೆಯಾದರೆ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗೂ ಇದೆ. ತೀರ್ಪಿನ ದೃಢೀಕೃತ ಪ್ರತಿಗೆ ತಡಮಾಡದೆ ಅರ್ಜಿ ಹಾಕಿ. ಪರಿಹಾರಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ, ಮಧ್ಯಂತರ ಪರಿಹಾರವನ್ನು ಅದೇ ಕಾನೂನು ಸೇವಾ ಪ್ರಾಧಿಕಾರದಲ್ಲಿ ಎಫ್‌ಐಆರ್ ಪ್ರತಿ ಕೊಟ್ಟು ಕೇಳಬಹುದು.