ಒಂದೇ ಕಾಲಂನಲ್ಲಿ ಅಂಟಿಕೊಂಡ ಪಟ್ಟಿಯನ್ನು ನಾನು ಬಿಡಿಸಿದ ಬಗೆ

ಸ್ಟೋರ್ ರೂಮಿನ ಸಾಮಾನಿನ ಪಟ್ಟಿ ಪ್ರತಿ ವಾರ ನನಗೆ ಮೆಸೇಜಿನಲ್ಲಿ ಬರುತ್ತದೆ. ಸುಮಾರು 300 ಸಾಲು. ಒಂದೊಂದು ಸಾಲೂ ಹೀಗೆ:

14. ಡ್ರಿಲ್ ಮಷೀನ್ - 2 - 0047

ಕ್ರಮಸಂಖ್ಯೆ, ಹೆಸರು, ಎಷ್ಟಿದೆ, ಕೋಡ್. ಕಾಪಿ ಮಾಡಿ ಶೀಟಿಗೆ ಪೇಸ್ಟ್ ಮಾಡಿದರೆ ಎಲ್ಲವೂ ಎ ಕಾಲಂನಲ್ಲೇ ಒಟ್ಟಿಗೆ ಕೂತುಬಿಡುತ್ತದೆ. ಮೊದಲ ವಾರ ಕೈಯಲ್ಲೇ ಕತ್ತರಿಸಿದೆ. ಎರಡನೇ ವಾರ ಡೇಟಾ ಮೆನುವಿನ 'ಟೆಕ್ಸ್ಟ್ ಟು ಕಾಲಮ್ಸ್' ಬಳಸಿದೆ. ಒಂದೇ ಸಲದ ಕೆಲಸವಾದರೆ ಅದೇ ಸಾಕು, ಫಾರ್ಮುಲಾ ಗೊಡವೆಯೇ ಬೇಡ. ಆದರೆ ನನ್ನ ಪಟ್ಟಿ ವಾರವಾರ ಬರುತ್ತದಲ್ವಾ? ಎ ಕಾಲಂನಲ್ಲಿ ಹೊಸ ಪಟ್ಟಿ ಸುರಿದರೆ ಉಳಿದದ್ದು ತಾನಾಗೇ ಆಗಬೇಕು ಅಂತ ಫಾರ್ಮುಲಾ ಹಿಂದೆ ಬಿದ್ದೆ. (ಫಂಕ್ಷನ್ ಹೆಸರು, ಕಾಲಂ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಶೀಟಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.)

ಗೂಗಲ್ ಶೀಟ್ಸ್‌ನಲ್ಲಿ ಮೊದಲು ಬರೆದದ್ದು ಇದು:

=ಸ್ಪ್ಲಿಟ್(ಎ2, " - ")

ಡ್ರಿಲ್ ಒಂದು ಕಡೆ ಹೋಯಿತು, ಮಷೀನ್ ಇನ್ನೊಂದು ಕಡೆ. 'ಯು-ಬೋಲ್ಟ್' ಕೂಡ ಎರಡು ತುಂಡು. ನಾನು ಸ್ಪೇಸ್, ಗೆರೆ, ಸ್ಪೇಸ್ ಮೂರೂ ಸೇರಿ ಒಂದೇ ಗುರುತು ಅಂದುಕೊಂಡಿದ್ದೆ. ಸ್ಪ್ಲಿಟ್ ಹಾಗೆ ಅಂದುಕೊಳ್ಳುವುದಿಲ್ಲ. ನಾವು ಕೊಟ್ಟ ಪ್ರತಿ ಅಕ್ಷರವನ್ನೂ ಬೇರೆ ಬೇರೆ ಗುರುತು ಅಂತ ಹಿಡಿಯುತ್ತದೆ. ಬ್ರಾಕೆಟ್ಟಿನೊಳಗಿನ ಮೂರನೇ ಜಾಗದಲ್ಲಿ ಫಾಲ್ಸ್ ಅಂತ ಹಾಕಿದರೆ ಮಾತ್ರ ಇಡಿಯಾಗಿ ನೋಡುತ್ತದೆ. ನಾಲ್ಕನೇ ಜಾಗಕ್ಕೂ ಫಾಲ್ಸ್ ಬೇಕು. ಇಲ್ಲದಿದ್ದರೆ ಖಾಲಿ ತುಂಡುಗಳನ್ನು ನುಂಗಿಹಾಕುತ್ತದೆ. ಎಷ್ಟಿದೆ ಅನ್ನುವ ಸಂಖ್ಯೆ ಬರೆಯದೆ ಬಿಟ್ಟ ಸಾಲಿನಲ್ಲಿ ಕೋಡ್ ಒಂದು ಮನೆ ಎಡಕ್ಕೆ ಸರಿದು ಕೂರುತ್ತದೆ. ನನ್ನ ಶೀಟಿನಲ್ಲಿ ಒಂದು ಏಣಿ ಹಾಗೆಯೇ 112 ಏಣಿ ಆಗಿತ್ತು.

ಇಷ್ಟು ಸರಿಮಾಡಿದರೂ ಕೆಲವು ಸಾಲು ಒಡೆಯಲೇ ಇಲ್ಲ. ಕಣ್ಣಿಗೆ ಎಲ್ಲವೂ ಒಂದೇ ಥರ ಇದೆ! ನಿಜವಾದ ಕೆಲಸ ಇಲ್ಲಿಂದ ಶುರು. ಕೋಡ್ ಯಾವಾಗಲೂ ನಾಲ್ಕು ಅಂಕಿ, ಹಾಗಾಗಿ ಕೊನೆಯ ನಾಲ್ಕು ಅಕ್ಷರ ಕೊಡುವ =ರೈಟ್(ಎ9, 4) ಹಾಕಿ ನೋಡಿದೆ. 0047 ಬರಬೇಕಿತ್ತು, ಬಂದದ್ದು 047. ಅಂದರೆ ಕೊನೆಯಲ್ಲಿ ಕಾಣದ ಅಕ್ಷರವೊಂದು ಕೂತಿದೆ. ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಅದನ್ನು ಹೇಳುವ =ಯೂನಿಕೋಡ್(ರೈಟ್(ಎ9, 1)) ಕೇಳಿದರೆ 160 ಅಂತು. ಮಾಮೂಲಿ ಸ್ಪೇಸಿನ ಸಂಖ್ಯೆ 32. ಈ 160 ಅಂದರೆ, ಸಾಲು ಮುರಿಯಬಾರದು ಅಂತ ಬಳಸುವ ಸ್ಪೇಸ್, ವೆಬ್ ಪುಟಗಳಿಂದ ಕಾಪಿ ಮಾಡಿದಾಗ ಜಾಸ್ತಿ ಬರುತ್ತದೆ. ಎಕ್ಸೆಲ್‌ನ ಟ್ರಿಮ್ (ಹೆಚ್ಚುವರಿ ಸ್ಪೇಸ್ ತೆಗೆಯುವ ಫಂಕ್ಷನ್) ಇದನ್ನು ಮುಟ್ಟುವುದೇ ಇಲ್ಲ. ಇನ್ನೊಂದು ಸಾಲಿನ ಗೆರೆಯನ್ನು ಮಿಡ್ ಹಾಕಿ ಹೊರಗೆ ತೆಗೆದು ಅದೇ ಪ್ರಶ್ನೆ ಕೇಳಿದೆ. 45 ಬರಬೇಕಾದಲ್ಲಿ 8211. ಅದು ಹೈಫನ್ ಅಲ್ಲ, ಸ್ವಲ್ಪ ಉದ್ದದ ಡ್ಯಾಶ್.

ಅದಾದ ಮೇಲೆ ನಾನು ನೇರವಾಗಿ ಒಡೆಯುವುದನ್ನೇ ಬಿಟ್ಟೆ. ಬಿ ಕಾಲಂ ಬರೀ ತೊಳೆಯುವುದಕ್ಕೆ, ಅಂದರೆ ಆ ಸ್ಪೇಸ್, ಆ ಡ್ಯಾಶ್ ಎರಡನ್ನೂ ಮಾಮೂಲಿಯವಕ್ಕೆ ಬದಲಿಸುವುದಕ್ಕೆ:

=ಟ್ರಿಮ್(ಸಬ್‌ಸ್ಟಿಟ್ಯೂಟ್(ಸಬ್‌ಸ್ಟಿಟ್ಯೂಟ್(ಎ2, ಯೂನಿಚಾರ್(160), " "), ಯೂನಿಚಾರ್(8211), "-"))

ಇದರಲ್ಲೂ ಒಂದು ಕೊಕ್ಕೆ ಇದೆ. ಸಂಖ್ಯೆ ಇಲ್ಲದ ಸಾಲಿನಲ್ಲಿ ಎರಡು ಗೆರೆಗಳ ನಡುವೆ ಎರಡು ಸ್ಪೇಸ್ ಇರುತ್ತದೆ. ಟ್ರಿಮ್ ಅದನ್ನು ಒಂದು ಮಾಡುತ್ತದೆ. ಆಗ "ಏಣಿ - - 0112" ಉಳಿಯುತ್ತದೆ, ಎರಡನೇ ಗೆರೆಯ ಹಿಂದಿನ ಸ್ಪೇಸ್ ಮೊದಲ ಗುರುತಿನ ಪಾಲಾಗಿ ಅಲ್ಲಿ ಒಡೆಯುವುದೇ ಇಲ್ಲ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಕೊನೆಗೆ ಹೊಳೆದದ್ದು ಇಷ್ಟೇ: 'ಯು-ಬೋಲ್ಟ್' ಥರದ ಹೆಸರಿನ ಗೆರೆಗೆ ಹಿಂದೆ ಸ್ಪೇಸ್ ಇಲ್ಲ, ಬೇರ್ಪಡಿಸುವ ಗೆರೆಗೆ ಇದೆ. ಆ ಸ್ಪೇಸ್ ಮತ್ತು ಗೆರೆಯ ಜೋಡಿಯನ್ನು ಪಟ್ಟಿಯಲ್ಲಿ ಎಲ್ಲೂ ಬಾರದ ನಿಂತ ಗೆರೆಗೆ ಬದಲಿಸಿದರೆ ಮುಗಿಯಿತು. ಸಿ ಕಾಲಂ:

=ಸಬ್‌ಸ್ಟಿಟ್ಯೂಟ್(ಸಬ್‌ಸ್ಟಿಟ್ಯೂಟ್(ಬಿ2, " -", "|"), "| ", "|")

ಈಗ ಸಾಲು "14. ಡ್ರಿಲ್ ಮಷೀನ್|2|0047" ಆಯಿತು. ಇದನ್ನು ಯಾರು ಬೇಕಾದರೂ ಒಡೆಯಬಹುದು. =ಸ್ಪ್ಲಿಟ್(ಸಿ2, "|", ಫಾಲ್ಸ್, ಫಾಲ್ಸ್) ಅಂದರೆ ಮೂರು ಕಾಲಂ. ಸ್ಪ್ಲಿಟ್ 0047 ಅನ್ನು ಅಂಕಿ ಅಂತ ತಿಳಿದು 47 ಮಾಡುತ್ತದೆ, ಅದಕ್ಕೇ ಕೋಡ್ ಮಾತ್ರ ನಾನು =ರೈಟ್(ಬಿ2, 4) ಇಂದ ತೆಗೆಯುತ್ತೇನೆ. ಹೆಸರಿಗೂ ಮೊದಲಿರುವ "14. " ತೆಗೆಯಲು ಚುಕ್ಕೆ ಎಲ್ಲಿದೆ ಅಂತ ಹುಡುಕುವ ಫೈಂಡ್, ಅದರ ನಂತರದ್ದನ್ನು ಕತ್ತರಿಸುವ ಮಿಡ್ ಸಾಕು.

ಹೊಸ ಎಕ್ಸೆಲ್‌ನಲ್ಲಿ ಇದೇ ಕೆಲಸಕ್ಕೆ ಟೆಕ್ಸ್ಟ್‌ಸ್ಪ್ಲಿಟ್ ಇದೆ. ಕೊಟ್ಟ ಗುರುತನ್ನು ಇಡಿಯಾಗಿಯೇ ನೋಡುತ್ತದೆ, ಖಾಲಿ ತುಂಡನ್ನು ನುಂಗುವುದಿಲ್ಲ, ಸೊನ್ನೆಯನ್ನೂ ತಿನ್ನುವುದಿಲ್ಲ. ಒಂದೇ ಸಲಕ್ಕೆ ಇಡೀ ಕಾಲಂ ಕೊಟ್ಟರೆ ಮಾತ್ರ ಪ್ರತಿ ಸಾಲಿನ ಮೊದಲ ತುಂಡನ್ನಷ್ಟೇ ಕೊಡುತ್ತದೆ. ಒಂದು ಸೆಲ್‌ಗೆ ಬರೆದು ಕೆಳಗೆ ಎಳೆಯಬೇಕು.

ನಾನು ಪಟ್ಟಿ ಕಳಿಸಬೇಕಾದವರ ಕಂಪ್ಯೂಟರಿನಲ್ಲಿ ಎಕ್ಸೆಲ್ 2016. ಅಲ್ಲಿ ಸ್ಪ್ಲಿಟ್, ಟೆಕ್ಸ್ಟ್‌ಸ್ಪ್ಲಿಟ್ ಎರಡೂ ಇಲ್ಲ. ಅವರಿಗಾಗಿ ಹಳೆಯ ಉಪಾಯ:

=ಟ್ರಿಮ್(ಮಿಡ್(ಸಬ್‌ಸ್ಟಿಟ್ಯೂಟ್(ಸಿ2, "|", ರೆಪ್ಟ್(" ", 200)), 201, 200))

ಮೊದಲ ಸಲ ನೋಡಿದಾಗ ತಲೆಬುಡ ಅರ್ಥವಾಗಿರಲಿಲ್ಲ. ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತ ಮಕ್ಕಳನ್ನು ಬೇರೆ ಬೇರೆ ಬೆಂಚಿಗೆ ಕಳಿಸಿದ ಹಾಗೆ ಇದು. ಪ್ರತಿ ನಿಂತ ಗೆರೆಯ ಜಾಗದಲ್ಲಿ 200 ಸ್ಪೇಸ್ ತುರುಕುತ್ತೇವೆ. ಆಗ ತುಂಡುಗಳು ದೂರದೂರ ಹೋಗುತ್ತವೆ. 1ರಿಂದ 200 ಅಕ್ಷರ ಕತ್ತರಿಸಿದರೆ ಹೆಸರು, 201ರಿಂದ ಕತ್ತರಿಸಿದರೆ ಸಂಖ್ಯೆ, 401ರಿಂದ ಕೋಡ್. ಸುತ್ತಲಿನ ಸ್ಪೇಸನ್ನು ಟ್ರಿಮ್ ಗುಡಿಸಿಹಾಕುತ್ತದೆ. ಮೂಲ ಸಾಲು 200 ಅಕ್ಷರ ಮೀರಬಾರದು, ಅಷ್ಟೇ. ಬರುವುದು ಟೆಕ್ಸ್ಟ್ ಆದ್ದರಿಂದ 0047 ಹಾಗೇ ಉಳಿಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ ಉಪಾಯ.

ಅಂದಹಾಗೆ, ಕನ್ನಡಕ್ಕೇ ಸೇರಿದ ಒಂದು ಕಾಟ ಇದೆ. 'ಟೇಪ್' ಕಣ್ಣಿಗೆ ಎರಡಕ್ಷರ, ಅಕ್ಷರ ಎಣಿಸುವ ಲೆನ್ ಲೆಕ್ಕದಲ್ಲಿ 4. ಗುಣಿತ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಒಂದು ಸಾಲಿನ ಟೇಪ್ ಮಾತ್ರ 5 ಅಂತ ತೋರಿಸಿತು. ಹೋದ ವಾರದ ಪಟ್ಟಿಯ ಜೊತೆ ವಿಲುಕಪ್ (ಒಂದು ಪಟ್ಟಿಯ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ಫಂಕ್ಷನ್) ಮಾಡಿದರೆ ಹೊಂದುತ್ತಲೇ ಇರಲಿಲ್ಲ. ಕೊನೆಯಲ್ಲಿದ್ದದ್ದು 8204, ಅಂದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯದಂತೆ ತಡೆಯುವ ಕಾಣದ ಗುರುತು. ಇದನ್ನು ಸುಮ್ನೆ ಎಲ್ಲ ಕಡೆ ಅಳಿಸಬೇಡಿ. 'ಟಾರ್ಚ್‌ಲೈಟ್' ನಡುವೆ ಅದು ಬೇಕೇ ಬೇಕು, ಇಲ್ಲದಿದ್ದರೆ ಚಕಾರಕ್ಕೆ ಲಕಾರ ಒತ್ತಾಗಿ ಜೋತುಬೀಳುತ್ತದೆ. ಹೋಲಿಸುವುದಕ್ಕೆಂದೇ ಬೇರೆ ಕಾಲಂ ಮಾಡಿ, ಅಲ್ಲಿ ಮಾತ್ರ ತೆಗೆಯುತ್ತೇನೆ.

ಈಗ ಪೇಸ್ಟ್ ಮಾಡಿದ ಕೂಡಲೇ ನೋಡುವುದು ಡಿ ಕಾಲಂ: =ಲೆನ್(ಸಿ2)-ಲೆನ್(ಸಬ್‌ಸ್ಟಿಟ್ಯೂಟ್(ಸಿ2, "|", "")). ನಿಂತ ಗೆರೆ ಎಷ್ಟಿವೆ ಅಂತ ಎಣಿಸುತ್ತದೆ. 2 ಬಂದರೆ ಸರಿ, ಬೇರೆ ಏನು ಬಂದರೂ ಸೆಲ್ ಕೆಂಪಾಗುವಂತೆ ಮಾಡಿಟ್ಟಿದ್ದೇನೆ. ಈ ವಾರ ನಾಲ್ಕು ಕೆಂಪು. ಮೂರರಲ್ಲಿ ಗೆರೆಯ ಹಿಂದೆ ಸ್ಪೇಸ್ ಬಿಟ್ಟಿರಲಿಲ್ಲ. ನಾಲ್ಕನೆಯದು ಸಾಮಾನೇ ಅಲ್ಲ, "ಉಳಿದದ್ದು ನಾಳೆ ಕಳಿಸುತ್ತೇನೆ" ಅಂತ ಬರೆದಿತ್ತು.