ಚಿಲ್ಲರೆ ಬಿಟ್ಟು ಹೊರಟವರನ್ನು ಕರೆಯಿರಿ: ಹಳ್ಳಿಯ ಫಾರ್ಮಸಿಸ್ಟರಿಗೆ

ಹಳ್ಳಿಯ ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಕುಳಿತವಳು ನಾನು. ವೈದ್ಯರು ದೂರದಲ್ಲಿರುತ್ತಾರೆ, ಮನೋವೈದ್ಯರು ಇನ್ನೂ ದೂರ. ನಮ್ಮ ಬಾಗಿಲು ಮಾತ್ರ ದಿನವೂ ತೆರೆದಿರುತ್ತದೆ. ಬದುಕು ಬೇಡವೆನಿಸಿದವರು ಆ ವಾರದಲ್ಲಿ ನಮ್ಮ ಮುಂದೆ ಬಂದು ನಿಂತಿರಲೂಬಹುದು. ಅವರನ್ನು ಮಾತನಾಡಿಸುವ ಬಗೆಯನ್ನು ಹೊಸದಾಗಿ ಈ ಕೆಲಸಕ್ಕೆ ಬಂದವರಿಗಾಗಿ ಬರೆಯುತ್ತಿದ್ದೇನೆ.

ಕೆಲವು ಸೂಚನೆಗಳು ಎಲ್ಲರಿಗೂ ಗೊತ್ತಿರುವಂಥವು. ನಿದ್ದೆಯ ಮಾತ್ರೆ ಅವಧಿಗೆ ಮೊದಲೇ ಮುಗಿಯಿತೆನ್ನುವುದು, ವರ್ಷಗಟ್ಟಲೆ ತಪ್ಪಿಸದ ಔಷಧಿಯನ್ನು "ಇನ್ನು ಯಾಕೆ ಬಿಡಿ" ಎಂದು ನಿಲ್ಲಿಸುವುದು, "ನಾನು ಎಲ್ಲರಿಗೂ ಹೊರೆ" ಎಂಬ ಮಾತು. ಆದರೆ ಆ ಮನುಷ್ಯ ಮೊದಲು ಹೇಗಿದ್ದ ಎಂಬುದು ನಿಮಗೆ ಗೊತ್ತಿರುತ್ತದಲ್ಲ, ಅದು ಯಾವ ತರಬೇತಿಯಲ್ಲೂ ಸಿಗುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡ ವೃದ್ಧರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಚಿಲ್ಲರೆಯನ್ನು ಎರಡು ಸಲ ಎಣಿಸದೆ ಮೆಟ್ಟಿಲು ಇಳಿದವರಲ್ಲ. ಒಂದು ಸಂಜೆ ಅದನ್ನು ಕೌಂಟರಿನ ಮೇಲೇ ಬಿಟ್ಟು ಹೊರಟರು. ನಾನು ಕರೆದೆ.

ಜನರೆದುರು ಏನನ್ನೂ ಕೇಳಬೇಡಿ. ಹಳ್ಳಿಯಲ್ಲಿ ಮಾತು ಅಂಗಡಿಯಿಂದ ಮನೆಗೆ ಅವರಿಗಿಂತ ಮೊದಲು ತಲುಪುತ್ತದೆ. "ರಕ್ತದೊತ್ತಡ ನೋಡುತ್ತೇನೆ, ಒಳಗೆ ಬನ್ನಿ" ಎನ್ನುವುದು ನನ್ನ ಹಳೆಯ ನೆಪ. ನೆಪವೆಂದರೂ ನಿಜವಾಗಿಯೂ ನೋಡುತ್ತೇನೆ. ತೋಳಿಗೆ ಪಟ್ಟಿ ಸುತ್ತುವಷ್ಟರಲ್ಲಿ ಇಬ್ಬರಿಗೂ ಉಸಿರು ಹಿಡಿತಕ್ಕೆ ಬರುತ್ತದೆ.

ಇನ್ನು ಪ್ರಶ್ನೆ. ಹಿಂದೊಮ್ಮೆ ನಾನು ಎಡವಿದ್ದು ಇಲ್ಲಿಯೇ. ಒಬ್ಬಾಕೆಯನ್ನು "ಜೀವಕ್ಕೆ ಏನೂ ಮಾಡಿಕೊಳ್ಳುವುದಿಲ್ಲ ತಾನೆ?" ಎಂದು ಕೇಳಿದ್ದೆ. "ಇಲ್ಲಪ್ಪ" ಎಂದು ನಕ್ಕು ಹೋದಳು. ಒಂದೇ ವಾರದಲ್ಲಿ ಆಸ್ಪತ್ರೆ ಸೇರಿದಳು. ಪುಣ್ಯಕ್ಕೆ ಬದುಕಿ ಬಂದಳು. 'ತಾನೆ' ಎಂದಮೇಲೆ ಆಕೆ ಬೇರೆ ಏನು ಹೇಳಬಹುದಿತ್ತು? ಉತ್ತರವನ್ನು ನಾನೇ ಅವಳ ಬಾಯಿಗೆ ಇಟ್ಟಿದ್ದೆ. ಆ ಎರಡಕ್ಷರವನ್ನು ಅಂದೇ ಬಿಟ್ಟೆ. ಈಗ ನೇರವಾಗಿ ಕೇಳುತ್ತೇನೆ: "ಸಾಯಬೇಕು ಅನ್ನಿಸುತ್ತಿದೆಯೇ?" ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ಅಧ್ಯಯನಗಳಲ್ಲಿ ಹಾಗೆ ಕಂಡುಬಂದಿಲ್ಲ. ಎಷ್ಟೋ ಜನರಿಗೆ ಯಾರಾದರೂ ಕೇಳಿದರಲ್ಲ ಎಂಬುದೇ ಹಗುರವೆನಿಸುತ್ತದೆ.

ಹೌದು ಎಂದರೆ ಗಾಬರಿಯಾಗಬೇಡಿ, ಬುದ್ಧಿ ಹೇಳಬೇಡಿ. "ಮಕ್ಕಳ ಮುಖ ನೋಡಿ" ಎಂಬ ಮಾತು ಅಪರಾಧಿ ಭಾವವನ್ನು ಹೆಚ್ಚಿಸುತ್ತದೆ ಅಷ್ಟೇ. ಹೇಗೆ, ಯಾವಾಗ ಎಂದು ಯೋಚಿಸಿದ್ದಾರೆಯೇ, ಅದಕ್ಕೆ ಬೇಕಾದದ್ದು ಮನೆಯಲ್ಲಿದೆಯೇ ಎಂದು ವಿಚಾರಿಸಿ. ಇದ್ದರೆ ಅವರನ್ನು ಒಂಟಿಯಾಗಿ ಕಳುಹಿಸಲೇಬಾರದು. ತುರ್ತು ಸೇವೆಗೆ ಫೋನ್ ಮಾಡಿ, ಅವರು ನಂಬುವ ಒಬ್ಬರನ್ನು ಕರೆಸಿ, ಅವರು ಬರುವವರೆಗೆ ಜೊತೆಗೆ ಕುಳಿತಿರಿ. ಅಷ್ಟು ತುರ್ತಿಲ್ಲದಿದ್ದರೆ ಅವರೆದುರೇ ವೈದ್ಯರಿಗೆ ಫೋನ್ ಮಾಡಿ ಭೇಟಿಯ ದಿನ ಗೊತ್ತುಮಾಡಿ, ಸಹಾಯವಾಣಿಯ ಸಂಖ್ಯೆ ಬರೆದುಕೊಡಿ. ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಆಣೆ ಮಾಡಬೇಡಿ. "ಊರಿಗೆ ಹೇಳುವುದಿಲ್ಲ, ಆದರೆ ನಿಮ್ಮ ಜೀವದ ಪ್ರಶ್ನೆ ಬಂದರೆ ಸಹಾಯ ಮಾಡುವವರಿಗೆ ಹೇಳುತ್ತೇನೆ" ಎಂದುಬಿಡಿ.

ಬೇರೆ ಯಾರೂ ಮಾಡಲಾಗದ ಕೆಲಸವೊಂದು ನಮ್ಮ ಕೈಯಲ್ಲಿದೆ. ಮನೆಯಲ್ಲಿ ಮಾತ್ರೆ ಕೂಡಿಹಾಕದಂತೆ ನೋಡಿಕೊಳ್ಳುವುದು. ಬ್ರಿಟನ್ 1998ರಲ್ಲಿ ಸಾಮಾನ್ಯ ನೋವಿನ ಮಾತ್ರೆಯೊಂದರ ಪೊಟ್ಟಣವನ್ನು ಚಿಕ್ಕದು ಮಾಡಿತು. ನಂತರದ ವರ್ಷಗಳಲ್ಲಿ ಅದರಿಂದಾಗುವ ಸಾವುಗಳು ಗಣನೀಯವಾಗಿ ಇಳಿದವು. ಸಾಯುವ ತೀವ್ರ ಬಯಕೆ ಬಹಳ ಜನರಲ್ಲಿ ಅಲೆಯಂತೆ ಬಂದುಹೋಗುತ್ತದೆ, ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯಬಹುದು. ಆದ್ದರಿಂದ ತಿಂಗಳ ಮಾತ್ರೆಯನ್ನು ವಾರಕ್ಕೊಮ್ಮೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ತೀರಿಕೊಂಡವರ ಔಷಧಿಗಳನ್ನು ವಾಪಸು ತರಿಸಿಕೊಳ್ಳಿ. ಆ ವೃದ್ಧರ ಮನೆಯಲ್ಲಿ ಹೆಂಡತಿಯ ಮಾತ್ರೆಗಳು ಒಂದು ಚೀಲ ತುಂಬ ಇದ್ದವು.

ಖಿನ್ನತೆಯ ಔಷಧಿಯನ್ನು ಮೊದಲ ಬಾರಿ ಕೊಡುವಾಗ, ಗುಣ ಕಾಣಲು ಕೆಲವು ವಾರಗಳು ಬೇಕು, ತಾವಾಗಿಯೇ ನಿಲ್ಲಿಸಬಾರದು ಎಂದು ಬಿಡಿಸಿ ಹೇಳಿ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು. ಚಡಪಡಿಕೆ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸುವಂತೆ ಮನೆಯವರಿಗೂ ಹೇಳಿಸಿ.

ಮರುದಿನ ಒಂದು ಫೋನ್ ಮಾಡಿ; ಕಾರಣವೇನೂ ಬೇಕಾಗಿಲ್ಲ. ವೃದ್ಧರು ಬಿಟ್ಟುಹೋಗಿದ್ದ ಚಿಲ್ಲರೆಯನ್ನು ಕಾಗದದಲ್ಲಿ ಕಟ್ಟಿ, ಹೆಸರು ಬರೆದು ಡ್ರಾಯರಿನಲ್ಲಿ ಇಟ್ಟಿದ್ದೆ. ಮೂರನೆಯ ವಾರ ಮಾತ್ರೆಗೆ ಬಂದಾಗ ಕೊಟ್ಟೆ. ಎಣಿಸಿದರು, ಮತ್ತೆ ಎಣಿಸಿದರು, ಒಂದು ನಾಣ್ಯ ಕಡಿಮೆಯಿದೆ ಎಂದು ಜಗಳ ತೆಗೆದರು.