ಕೆಮ್ಮು ಒಂದೇ, ವೈರಸ್ ಹಲವು: ಪ್ರಯೋಗಾಲಯ ಪತ್ತೆ ಹಚ್ಚುವುದು ಹೇಗೆ?

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಕೋವಿಡ್ ಇತ್ತೆಂದು ಖಚಿತವಾದದ್ದು 12ರಂದು. ದೇಶದ ಮೊದಲ ಕೋವಿಡ್ ಸಾವು ಅದು. ಮಾದರಿ ಬೆಂಗಳೂರಿಗೆ ಹೋಗಿ ವರದಿ ಬರಬೇಕಿದ್ದ ಕಾಲ. ಆಮೇಲೆ ಕಲಬುರಗಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಜಿಮ್ಸ್‌ನಲ್ಲಿಯೇ ಪ್ರಯೋಗಾಲಯ ಬಂದಿತು. ಆದರೂ ಪರೀಕ್ಷೆಯೆಂದರೆ ಯಂತ್ರದ ಕೆಲಸ ಎಂಬ ನಂಬಿಕೆ ಹೋಗಿಲ್ಲ. ವರದಿಯ ಹಣೆಬರಹ ಬಹುಪಾಲು ನಿರ್ಧಾರವಾಗುವುದು ಮೂಗಿನೊಳಗೆ ಮತ್ತು ಐಸ್ ಪೆಟ್ಟಿಗೆಯಲ್ಲಿ.

ಕಾರಣ ಯಾರು?

ಸಾಮಾನ್ಯ ನೆಗಡಿಗೆ ಹೆಚ್ಚಾಗಿ ರೈನೋವೈರಸ್ ಕಾರಣ. ಅದರಲ್ಲಿ 160ಕ್ಕೂ ಹೆಚ್ಚು ಬಗೆಗಳಿರುವುದರಿಂದ ನೆಗಡಿ ಜೀವನವಿಡೀ ಬಿಡುವುದಿಲ್ಲ. ಇನ್‌ಫ್ಲುಯೆಂಜಾ (ಫ್ಲೂ) ಇದ್ದಕ್ಕಿದ್ದಂತೆ ಜ್ವರ, ಮೈಕೈ ನೋವು ತಂದು ಮಲಗಿಸುತ್ತದೆ. ಆರ್‌ಎಸ್‌ವಿ ಎಂಬ ವೈರಸ್ ಹಸುಗೂಸುಗಳ ಸಣ್ಣ ಶ್ವಾಸನಾಳಗಳನ್ನು ಊದಿಸುತ್ತದೆ. 2025ರ ಜನವರಿಯಲ್ಲಿ ಟಿ.ವಿ.ಗಳು ಹೊಸ ಗಂಡಾಂತರವೆಂಬಂತೆ ಅಬ್ಬರಿಸಿದ ಎಚ್‌ಎಂಪಿವಿ ಎಂಬ ವೈರಸ್ಸನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2001ರಲ್ಲಿಯೇ ಗುರುತಿಸಿದ್ದರು. ಲಕ್ಷಣ ನೋಡಿಯೇ ಇವನ್ನು ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ.

ಮೊದಲು ಮಾದರಿ

ಲಕ್ಷಣ ಕಾಣಿಸಿದ ಮೊದಲ ಮೂರು-ನಾಲ್ಕು ದಿನಗಳಲ್ಲಿ ಮಾದರಿ ಕೊಟ್ಟರೆ ಒಳ್ಳೆಯದು. ಆಗ ವೈರಸ್ ಹೇರಳವಾಗಿರುತ್ತದೆ. ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಮಾದರಿ ತೆಗೆಯುವ ಕಡ್ಡಿಯನ್ನು (ಸ್ವ್ಯಾಬ್) ಮೇಲ್ಮುಖವಾಗಿ ಅಲ್ಲ, ಅಂಗುಳಕ್ಕೆ ಸಮಾನಾಂತರವಾಗಿ ಮೂಗಿನ ಹಿಂಭಾಗದವರೆಗೆ ತೂರಿಸಿ ತಿರುಗಿಸಬೇಕು. ಕಣ್ಣಲ್ಲಿ ನೀರು ಬರುವುದು ಸಹಜ. ಮೂಗಿನ ಬಾಯಲ್ಲಷ್ಟೇ ಸವರಿದರೆ ರೋಗಿಗೆ ಹಿತ, ಪರೀಕ್ಷೆಗೆ ನಷ್ಟ. ಕಡ್ಡಿಯ ತುದಿ ನೈಲಾನ್ ಅಥವಾ ಡೆಕ್ರಾನ್ ಎಂಬ ಕೃತಕ ನೂಲಿನದ್ದಾಗಿರಬೇಕು. ಮರದ ಕಡ್ಡಿ, ಹತ್ತಿಯ ತುದಿ ಮುಂದಿನ ಪರೀಕ್ಷೆಗೆ ಅಡ್ಡಿಯಾಗಬಲ್ಲವು.

ಕಡ್ಡಿಯ ತುದಿಯನ್ನು ವಿಟಿಎಂ (ವೈರಸ್ ಸಾಗಣೆಯ ಮಾಧ್ಯಮ) ಎಂಬ ದ್ರವದಲ್ಲಿ ಮುರಿದು ಹಾಕುತ್ತಾರೆ. ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯದಂತೆ ತಡೆಯುವ ಔಷಧಗಳು ಅದರಲ್ಲಿರುತ್ತವೆ. ಸೀಸೆಗೆ ಮೂರು ಪದರದ ಪ್ಯಾಕಿಂಗ್ ಮಾಡಿ, 2ರಿಂದ 8 ಡಿಗ್ರಿಯಲ್ಲಿ ಸಾಗಿಸಬೇಕು. ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ಅಫಜಲಪುರದಿಂದಲೋ ಸುರಪುರದಿಂದಲೋ ಹೊರಟ ವಾಹನದಲ್ಲಿ ಐಸ್ ಪ್ಯಾಕ್ ಕರಗಿತೆಂದರೆ ವೈರಸ್‌ನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಹಾಳಾಗತೊಡಗುತ್ತದೆ. 72 ಗಂಟೆಗೂ ತಡವಾಗುವುದಾದರೆ ಮೈನಸ್ 70 ಡಿಗ್ರಿಯಲ್ಲಿ ಇಡಬೇಕು.

ಪ್ರಯೋಗಾಲಯದಲ್ಲಿ

ಮಾದರಿಯನ್ನು ಸುರಕ್ಷತಾ ಕ್ಯಾಬಿನೆಟ್‌ನೊಳಗೆ ತೆರೆದು, ರಾಸಾಯನಿಕದಿಂದ ವೈರಸ್‌ನ ಕವಚ ಒಡೆದು, ಆರ್‌ಎನ್‌ಎಯನ್ನು ಮಾತ್ರ ಬೇರ್ಪಡಿಸುತ್ತಾರೆ. ಒಂದು ಕಿಣ್ವ ಅದನ್ನು ಡಿಎನ್‌ಎ ರೂಪಕ್ಕೆ ತರುತ್ತದೆ. ಆಮೇಲೆ ಡಿಎನ್‌ಎ ತುಣುಕಿನ ನಕಲು ತೆಗೆಯುವ ಪಿಸಿಆರ್ ಯಂತ್ರ ಆ ದ್ರಾವಣವನ್ನು ಸುಮಾರು 95 ಡಿಗ್ರಿಗೆ ಕಾಯಿಸಿ, 60ರ ಆಸುಪಾಸಿಗೆ ತಣಿಸಿ, ಮತ್ತೆ ಕಾಯಿಸುತ್ತದೆ. ಪ್ರತಿ ಸುತ್ತಿಗೂ ನಕಲುಗಳು ದುಪ್ಪಟ್ಟು: ಒಂದು ತುಣುಕಿದ್ದರೆ 30 ಸುತ್ತಿನಲ್ಲಿ ನೂರು ಕೋಟಿ ದಾಟುತ್ತದೆ. ಹುಡುಕುತ್ತಿರುವ ವೈರಸ್‌ಗೆ ಮಾತ್ರ ಅಂಟಿಕೊಳ್ಳುವ ತುಣುಕೊಂದು ಬೆಳಕು ಸೂಸಿ ಅದರ ಇರವನ್ನು ತಿಳಿಸುತ್ತದೆ. ಬೇರೆ ಬೇರೆ ಬಣ್ಣದ ಬೆಳಕು ಬಳಸಿ ಒಂದೇ ಕೊಳವೆಯಲ್ಲಿ ಹಲವು ವೈರಸ್‌ಗಳನ್ನು ಹುಡುಕಬಹುದು.

ಬೆಳಕು ಎಷ್ಟನೆಯ ಸುತ್ತಿನಲ್ಲಿ ಮಿತಿ ದಾಟಿತು ಎಂಬುದೇ ಸಿಟಿ ಮೌಲ್ಯ (ಸಿಟಿ ಸ್ಕ್ಯಾನ್‌ಗೂ ಇದಕ್ಕೂ ನಂಟಿಲ್ಲ). ಅಂಕಿ ಕಡಿಮೆಯಾದಷ್ಟೂ ಮಾದರಿಯಲ್ಲಿ ವೈರಸ್ ಹೆಚ್ಚು. ಆದರೆ ಅದರಿಂದ ಕಾಯಿಲೆಯ ತೀವ್ರತೆ ಅಳೆಯಲಾಗದು.

ನನಗೆ ಮೆಚ್ಚುಗೆಯಾಗುವುದು ಇನ್ನೊಂದು ಏರ್ಪಾಡು. ವೈರಸ್ ಜೊತೆಗೆ ಮನುಷ್ಯನದೇ ಒಂದು ಜೀನ್ ಅನ್ನೂ ಯಂತ್ರ ಹುಡುಕುತ್ತದೆ. ಎರಡೂ ಸಿಗದಿದ್ದರೆ ಅದು ‘ನೆಗೆಟಿವ್’ ಅಲ್ಲ. ಕಡ್ಡಿ ಸರಿಯಾಗಿ ಆಡಿಲ್ಲ ಅಥವಾ ಮಾದರಿ ಕೆಟ್ಟಿದೆ ಎಂದರ್ಥ. ಮತ್ತೆ ಮಾದರಿ ಕೊಡಬೇಕು.

ರ‍್ಯಾಪಿಡ್ ಕಿಟ್

ಕಾಗದದ ಪಟ್ಟಿಯ ಮೇಲೆ ವೈರಸ್‌ನ ಪ್ರೋಟೀನ್ ಹುಡುಕುವ ಈ ಕಿಟ್ 15ರಿಂದ 30 ನಿಮಿಷದಲ್ಲಿ ಉತ್ತರಿಸುತ್ತದೆ. ಪಾಸಿಟಿವ್ ಬಂದರೆ ಬಹುತೇಕ ನಂಬಬಹುದು. ಲಕ್ಷಣಗಳಿದ್ದೂ ನೆಗೆಟಿವ್ ಬಂದರೆ ಪಿಸಿಆರ್ ಬೇಕಾದೀತು.

ಸಾದಾ ನೆಗಡಿಗೆ ಇದಾವುದೂ ಬೇಡ. ಆ್ಯಂಟಿಬಯೋಟಿಕ್ ಕೂಡ ವೈರಸ್‌ಗೆ ನಾಟುವುದಿಲ್ಲ. ವೃದ್ಧರಿಗೆ, ಗರ್ಭಿಣಿಯರಿಗೆ ಫ್ಲೂ ಶಂಕೆಯಿದ್ದರೆ ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ವೈರಸ್ ನಿರೋಧಕ ಔಷಧ ಆರಂಭಿಸುವುದು ಮೇಲು. ವೈದ್ಯರು ವರದಿಗೆ ಕಾಯದೆಯೂ ಕೊಡುತ್ತಾರೆ. ಮಗುವಿನ ಪಕ್ಕೆ ಒಳಸೇದುತ್ತಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಮಾದರಿ ಕೊಡುವ ಸಾಲಿನಲ್ಲಿ ನಿಲ್ಲದೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.